ಎಣ್ಣಿ ಹಚ್ಚು ಅಂದವಳು

೧೬ ಫೆಬ್ರವರಿ, ಭಾನುವಾರ

ಇವತ್ತು ಮನೆಯಿಂದ ಮೂರು ವಿಷಗಳನ್ನು ಹೊರಗೆ ಹಾಕಿದೆ. ಸೊಳ್ಳೆ ಬತ್ತಿ, ಊದಿನಕಡ್ಡಿಯ ಕಟ್ಟು, ಬಚ್ಚಲಲ್ಲಿ ತೂಗುಬಿಟ್ಟಿದ್ದ ಗುಲಾಬಿ ಬಣ್ಣದ ಪರಿಮಳದ ಡಬ್ಬಿ. ಊದಿನಕಡ್ಡಿಯನ್ನು ಅವ್ವ ಕಸದ ಬುಟ್ಟಿಯಿಂದ ಎತ್ತಿ ಮತ್ತೆ ದೇವರ ಮುಂದಿಟ್ಟಳು. ನಾನು ಮತ್ತೆ ಎತ್ತಿದೆ. "ನಿನ್ನ ಚಳವಳಿ ಬಚ್ಚಲದ ತನಕ ಇರಲಿ ರೇಣು, ದೇವರ ಜಗಲಿ ಮ್ಯಾಲ ಬ್ಯಾಡ" ಎಂದಳು. ಗಾಳಿಗೆ ವಿಷ ಬೆರೆಸುವವರಲ್ಲಿ ದೇವರ ಹೆಸರು ಹೇಳುವವರೇ ಮೊದಲಿಗರು ಎಂದೆ. ಅದಕ್ಕೆ ಊಟಕ್ಕೆ ಕರೆಯಲಿಲ್ಲ. ನಾನೇ ಹೋಗಿ ಬಡಿಸಿಕೊಂಡೆ.

ನನ್ನ ಬಳಿ ಹನ್ನೊಂದು ಕಿರುಹೊತ್ತಿಗೆಗಳಿವೆ. ಎಲ್ಲವನ್ನೂ ಚಾಕಣದ ಕಾರ್ಖಾನೆಗೆ ಹೋಗುವ ಕಂಪನಿ ಬಸ್ಸಿನಲ್ಲೇ ಓದಿದ್ದು. ಕೆಲವು ಮನೆಯ ಗಾಳಿಯ ಬಗ್ಗೆ, ಉಳಿದವು ದುಡಿಯುವವರ ಹಕ್ಕಿನ ಬಗ್ಗೆ. ನನಗೆ ಎರಡೂ ಒಂದೇ. ಗಾಳಿ ಕೆಡಿಸುವವರೂ ಮೈಮುರಿದು ದುಡಿಯುವವರನ್ನು ಕಡೆಗಣಿಸುವವರೂ ಒಂದೇ ಮನಸ್ಸಿನವರು.

ಅಜ್ಜಿಗೆ ಮಂಡಿ ಹಿಡಿದುಕೊಂಡಾಗಿನಿಂದ ಬೆಳಗಿನ ಹೊತ್ತು ಮಾತೇ ಇಲ್ಲ. ಗೋಡೆ ನೋಡುತ್ತ ಕೂತಿರುತ್ತಾಳೆ. ನಿಂಬೆಯ ಪರಿಮಳ ಮಂಕಾದ ಮನಸ್ಸನ್ನು ಎಬ್ಬಿಸುತ್ತದೆ ಎಂದು ನಾಲ್ಕನೆಯ ಹೊತ್ತಿಗೆಯಲ್ಲಿದೆ. ಅಂಗಡಿಯವನು ಎರಡು ಸೀಸೆ ತೋರಿಸಿದ. ಒಂದು ಹಬೆಯಲ್ಲಿ ಇಳಿಸಿದ ನಿಂಬೆ ಎಣ್ಣೆ. ಇನ್ನೊಂದು ಸಿಪ್ಪೆಯನ್ನು ಹಿಂಡಿಯೇ ತೆಗೆದದ್ದು, ಬೆಂಕಿ ಮುಟ್ಟದ್ದು. ಮನೆಗೆ ಹಬೆಯದ್ದೇ ಸಾಕು ಎಂದ. ರಾಜಿ ಮಾಡಿಕೊಳ್ಳುವವರ ಮಾತು ಹೀಗೇ ಇರುತ್ತದೆ. ಬೆಂಕಿ ಮುಟ್ಟದ್ದನ್ನೇ ತಂದೆ. ಜೊತೆಗೆ ಮಣ್ಣಿನದೊಂದು ಪುಟ್ಟ ಗೂಡು: ಕೆಳಗೆ ಮೇಣದ ದೀಪ, ಮೇಲೆ ಬಟ್ಟಲಿನಲ್ಲಿ ನೀರು, ನೀರಿಗೆ ಐದು ಹನಿ.

ಅಪ್ಪ ಮಾರ್ಕೆಟ್ ಯಾರ್ಡಿನಲ್ಲಿ ನಿಂಬೆಹಣ್ಣಿನ ಮಂಡಿಯ ಗುಮಾಸ್ತ. ಸಂಜೆ ಬಂದವನೇ ಮೂಗೇರಿಸಿದ. "ಹಗಲೆಲ್ಲ ನಿಂಬಿಹಣ್ಣಿನ ಚೀಲದ ನಡುವ ಕುಂತು ಬರ್ತೀನಿ. ಮನಿಗೆ ಬಂದರೂ ಅದ ವಾಸನಿ! ನನಗ ಸೂಟಿ ಯಾವಾಗವಾ?"

೨೦ ಫೆಬ್ರವರಿ, ಗುರುವಾರ

ಬೆಳಿಗ್ಗೆ ಆರೂವರೆಗೆ ಅಜ್ಜಿ ಏಳುವ ಮೊದಲೇ ಅಡುಗೆಮನೆಯ ಕಪಾಟಿನ ಮೇಲೆ ದೀಪ ಹಚ್ಚಿಡುತ್ತೇನೆ. ಎದ್ದಾಗ ಮನೆಯೆಲ್ಲ ನಿಂಬೆ. ಇವತ್ತು "ಛಲೋ ವಾಸನಿ ಬರ್ತದವಾ" ಎಂದಳು. ಐದು ದಿನದಲ್ಲಿ ಬೆಳಗಿನ ಮೊದಲ ಮಾತು ಇದು. ಅವ್ವನ ಕಡೆ ನೋಡಿದೆ. ಅವ್ವ ಹಿಟ್ಟು ನಾದುತ್ತಲೇ ಇದ್ದಳು.

ಯಮನವ್ವ ಎಂಟಕ್ಕೆ ಬಂದಳು. ಇಂಡಿ ಕಡೆಯವಳು, ಗುಡ್ಡದ ಇಳಿಜಾರಿನ ಬಡವರ ವಸ್ತಿಯಲ್ಲಿ ಇರುತ್ತಾಳೆ. ನಮ್ಮ ಅಜ್ಜಿಗೆ ಸ್ನಾನ ಮಾಡಿಸಿ, ಮೂರನೇ ಮಹಡಿಯ ಪಂಕಜಾಕ್ಷಿಯವರ ಅತ್ತೆಗೆ ಮಾಡಿಸಿ, ನಾಲ್ಕನೇ ಮಹಡಿಯ ಮನೆಯಲ್ಲಿ ಪಾತ್ರೆ ತಿಕ್ಕಿ ಹೋಗುತ್ತಾಳೆ. ವಾರದ ರಜೆಯ ಹಕ್ಕಿನ ಬಗ್ಗೆ ನಾನೇ ಬರೆದು ಜೆರಾಕ್ಸ್ ಮಾಡಿಸಿದ ಕರಪತ್ರ ಅವಳ ಕೈಗೆ ಕೊಟ್ಟೆ.

"ಏನವಾ ಇದು?"

"ನಿನ್ನ ಹಕ್ಕು, ಅಕ್ಕಾ. ವಾರಕ್ಕೊಂದು ಸೂಟಿ."

ತಿರುಗಿಸಿ ನೋಡಿ ನನಗೇ ಕೊಟ್ಟಳು. "ನನಗ ಓದಾಕ ಬರಂಗಿಲ್ಲ. ಸೂಟಿ ಕೊಡಾಕಿಗೆ ಕೊಡು, ಆಕಿ ಓದಲಿ. ತಗೊಳ್ಳಾಕಿಗೆ ಯಾಕ ಕೊಡ್ತಿ?"

ಅಜ್ಜಿ ನಕ್ಕಳು. ನಿಂಬೆಯ ಗುಣ ಎಂದು ಬರೆದುಕೊಂಡೆ.

೨ ಮಾರ್ಚ್, ಭಾನುವಾರ

ಪಂಕಜಾಕ್ಷಿಯವರು ಬಂದಿದ್ದರು. ಅವರ ಗಂಡನದು ಉಡುಪಿ ಹೋಟೆಲು. ಕಟ್ಟಡದ ಮಹಿಳಾ ಮಂಡಳವನ್ನೂ ವಾಟ್ಸಾಪ್ ಗ್ರೂಪನ್ನೂ ನಡೆಸುವವರು ಇವರೇ. "ಬರುವ ಭಾನುವಾರ ಮಹಿಳಾ ದಿನದ್ದು ಒಂದು ಸಣ್ಣ ಕಾರ್ಯಕ್ರಮ ಉಂಟು. ನೀನು ಮಾತಾಡಬೇಕು ಮಾರಾಯ್ತಿ, ನಿನ್ನ ಆ ವಿಷ ಇಲ್ಲದ ಮನೆ ಅಂತ. ಹದಿನೈದು ನಿಮಿಷ, ಮತ್ತೆ ಶಿರಾ ತಣ್ಣಗಾಗ್ತದೆ" ಎಂದರು. ಮೊದಲ ಸಲ ಜನರ ಮುಂದೆ ಮಾತಾಡುತ್ತೇನೆ. ಹದಿನೈದು ನಿಮಿಷದಲ್ಲಿ ಒಂದು ಕಟ್ಟಡವನ್ನು ಬದಲಾಯಿಸಲು ಆಗದಿದ್ದರೆ ಊರನ್ನು ಬದಲಾಯಿಸುವ ಮಾತು ಯಾಕೆ?

ನಾಳೆಯಿಂದ ಮೊದಲ ಪಾಳಿ. ಬಸ್ಸು ಐದೂಮುಕ್ಕಾಲಿಗೆ. ಅವ್ವನಂತೂ ಆ ಗೂಡು ಮುಟ್ಟುವುದಿಲ್ಲ. ಅಜ್ಜಿಗೇ ಹೇಳಿದೆ. "ಮುಂಜಾನಿ ನಾ ಇರಂಗಿಲ್ಲ ಅಜ್ಜಿ. ನಿಂಬಿ ಎಣ್ಣಿ ನೀನ ಹಚ್ಚು. ಐದು ಹನಿ ಸಾಕು. ದಿನಾ ತಪ್ಪದಂಗ ಹಚ್ಚು." ಸೀಸೆಯನ್ನು ಅವಳ ತಲೆದಿಂಬಿನ ಪಕ್ಕ ಇಟ್ಟೆ. "ಹೂಂ" ಎಂದಳು.

೬ ಮಾರ್ಚ್, ಗುರುವಾರ

ಪಾಳಿ ಮುಗಿಸಿ ಬಂದು ನೋಡಿದರೆ, ಅಜ್ಜಿಯ ಎರಡೂ ಮುಂಗೈ ಕೆಂಪಾಗಿ ಬೊಬ್ಬೆ ಎದ್ದಿವೆ. ಕುತ್ತಿಗೆಯ ಎಡಕ್ಕೂ ಇದೆ. ಮೇಲಿಂದ ಏನೋ ಸುರಿದು ಇಳಿದಂತೆ ಗೆರೆ ಗೆರೆ. ನಿನ್ನೆ ಸಂಜೆಯೇ ಕೆಂಪಾಗಿತ್ತಂತೆ, ಸೆಕೆ ಎಂದುಕೊಂಡಿದ್ದರು. ಅವ್ವ ಇಲ್ಲಿಯ ಮರಾಠಿ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದಳು. "ಗರಮ್ ಪಾಣ್ಯಾನೆ ಭಾಜಲಂಯ ಕಾ?" ಎಂದು ಅವರು ಕೇಳಿದರಂತೆ. ಬಿಸಿನೀರಿನಿಂದ ಸುಟ್ಟಿದೆಯೇ ಎಂದು. ಅವ್ವನಿಗೆ ಅಷ್ಟು ಸಾಕಾಯಿತು.

"ಆ ಯಮನವ್ವ ನೀರ ನೋಡದ ಹಾಕ್ಯಾಳ. ಮೂರು ಮನಿ ಹಿಡದಾಳಲ್ಲ, ಗಡಿಬಿಡಿ!"

ನಾನು ಸುಮ್ಮನಿರಲಿಲ್ಲ. ಯಾರಾದರೂ ನೋಡಿದ್ದಾರೆಯೇ ಎಂದು ಕೇಳಿದೆ. ನೀರು ಬಿಸಿ ಅನಿಸಲಿಲ್ಲ, ವಯಸ್ಸಿಗೆ ತಿಳಿಯಲಿಲ್ಲವೇನೋ ಎಂದಳು ಅಜ್ಜಿ. ಆಗ ಕೂಗಿಕೊಂಡಳೇ? ಇಲ್ಲ. ಮತ್ತೆ? ಬಡವರ ಮೇಲೆ ಹೊರಿಸುವುದು ಎಷ್ಟು ಸುಲಭ ಎಂದು ಹತ್ತು ನಿಮಿಷ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಅಪ್ಪ ಸಹ ತಲೆಯಾಡಿಸಿದ. ಭಾನುವಾರದ ಭಾಷಣಕ್ಕೆ ಅದರಲ್ಲಿ ಎರಡು ವಾಕ್ಯ ಬರೆದಿಟ್ಟುಕೊಂಡೆ.

೭ ಮಾರ್ಚ್, ಶುಕ್ರವಾರ

ಬೆಳಿಗ್ಗೆ ನಾನು ಬಸ್ಸಿನಲ್ಲಿದ್ದಾಗ ಅವ್ವ ಯಮನವ್ವನನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದಳಂತೆ. "ನಾ ಹಾಕಿದ ನೀರಲ್ಲರಿ ಅದು, ನನ್ನ ಮಕ್ಕಳ ಆಣಿ" ಎಂದಳಂತೆ. ಅವ್ವ ಬಾಗಿಲು ಹಾಕಿದಳಂತೆ.

ಸಂಜೆ ಅಜ್ಜಿ ತೀರ ಸಪ್ಪಗಿದ್ದಳು. ನಿಂಬೆ ದೀಪವನ್ನಾದರೂ ಹಚ್ಚೋಣ ಎಂದು ಗೂಡು ಇಳಿಸಿದೆ. ಭಾನುವಾರ ನಾನೇ ಇಟ್ಟಿದ್ದ ಹೊಸ ಮೇಣದ ಬಿಲ್ಲೆ ಹಾಗೇ ಇತ್ತು. ಬತ್ತಿ ಬೆಳ್ಳಗಿತ್ತು. ಬಟ್ಟಲಿನಲ್ಲಿ ಧೂಳು. ಸೀಸೆ ಮಾತ್ರ ಅರ್ಧ ಖಾಲಿ.

"ಅಜ್ಜಿ, ಎಣ್ಣಿ ಹಚ್ಚಿಲ್ಲೇನು?"

"ಹಚ್ಚೀನಲ್ಲ. ಮೂರು ದಿನಾ. ಜಳಕಾ ಆದ ಮ್ಯಾಲ ಕೈಗೆ, ಕುತಗಿಗೆ. ಹಚಗೊಂಡು ಗ್ಯಾಲರಿ ಬಿಸಲಾಗ ಹಪ್ಪಳ ಕಾಯಾಕ ಕುಂತಿದ್ದೆ. ಐದು ಹನಿ ಎಲ್ಲಿ ಸಾಲತಾವ? ಜರಾ ಜಾಸ್ತೀನ ಹಚಗೊಂಡೆ. ಚುರು ಚುರು ಅಂತಿತ್ತು, ಗುಣ ಬರಾಕತ್ತೇದ ಅಂದಕೊಂಡೆ."

ನಮ್ಮ ಮಾತಿನಲ್ಲಿ ದೀಪ ಹಚ್ಚುತ್ತೇವೆ, ಫ್ಯಾನು ಹಚ್ಚುತ್ತೇವೆ, ಎಣ್ಣೆಯನ್ನೂ ಹಚ್ಚುತ್ತೇವೆ. ನಾನು ದೀಪವನ್ನು ಮನಸ್ಸಿನಲ್ಲಿಟ್ಟು ಹೇಳಿದೆ. ಮಂಡಿ ನೋವಿನ ಮುದುಕಿ ಮೈಯನ್ನು ಮನಸ್ಸಿನಲ್ಲಿಟ್ಟು ಕೇಳಿದಳು. ಎಣ್ಣೆಯನ್ನು ತಲೆದಿಂಬಿನ ಪಕ್ಕ ಇಟ್ಟದ್ದು ನಾನು. ಗೂಡನ್ನು ತೋರಿಸದಿದ್ದದ್ದೂ ನಾನು.

ಸೀಸೆಯ ಚೀಟಿ ಓದಿದೆ. ಇರುವೆಯಷ್ಟು ಸಣ್ಣ ಅಕ್ಷರ. ಚರ್ಮಕ್ಕೆ ನೇರವಾಗಿ ಹಚ್ಚಬಾರದು. ಹಚ್ಚಿದ ಕಡೆ ಬಿಸಿಲು ಬಿದ್ದರೆ ಸುಟ್ಟ ಬೊಬ್ಬೆ ಏಳಬಹುದು. ಫೋನಿನಲ್ಲಿ ಹುಡುಕಿದೆ. ಹಿಂಡಿ ತೆಗೆದ ನಿಂಬೆ ಎಣ್ಣೆಗೆ ಈ ಗುಣ ಇದೆ. ಒಂದೆರಡು ದಿನ ಬಿಟ್ಟು ಕಾಣಿಸುತ್ತದೆ. ಹಬೆಯಲ್ಲಿ ಇಳಿಸಿದ್ದಕ್ಕೆ ಈ ಗುಣ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ಹನ್ನೊಂದು ಹೊತ್ತಿಗೆ ಓದಿದ್ದೆ. ಈ ಎರಡು ಸಾಲು ಓದಿರಲಿಲ್ಲ.

ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದಳು. "ಎಣ್ಣಿಂದ ಆತೇನ? ಹಂಗಾರ ಆ ಯಮನವ್ವಗ ಸುಮ್ಮನ ಬೈದ್ರಲ್ಲವಾ."

"ಅವ್ವಗ ಈಗ ಹೇಳಬ್ಯಾಡ. ನಾ ಹೇಳ್ತೀನಿ. ನಾಳೆ."

ಅಜ್ಜಿಗೆ ನಾನು ಹಾಗೆ ಹೇಳಿದೆ.

೮ ಮಾರ್ಚ್, ಶನಿವಾರ

ಹೇಳಲಿಲ್ಲ. ಅವ್ವ ಗ್ರೂಪಿನಲ್ಲಿ ಬರೆದಿದ್ದಾಳೆ: ಯಮನವ್ವ ಅಜ್ಜಿಯ ಮೈ ಸುಟ್ಟಿದ್ದಾಳೆ, ಮನೆಯಲ್ಲಿ ಹಿರಿಯರಿದ್ದವರು ಹುಷಾರಾಗಿರಿ. ಕೆಳಗೆ ಹದಿನಾಲ್ಕು ಜನ ಕೈಮುಗಿದಿದ್ದಾರೆ. ನಾಳೆ ಭಾಷಣ ಮುಗಿಯಲಿ. ಈಗ ಹೇಳಿದರೆ ಒಳ್ಳೆಯ ವಿಷಯವೂ ನನ್ನ ಜೊತೆ ಕೆಟ್ಟಹೆಸರು ಪಡೆಯುತ್ತದೆ. ವಿಷಯ ನನಗಿಂತ ದೊಡ್ಡದು.

೯ ಮಾರ್ಚ್, ಭಾನುವಾರ

ಪಾರ್ಕಿಂಗಿನಲ್ಲಿ ಇಪ್ಪತ್ತೆರಡು ಕುರ್ಚಿ. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಮಾತಾಡಿದೆ. ಬಡವರ ಮೇಲೆ ಹೊರಿಸುವ ಆ ಎರಡು ವಾಕ್ಯ ಬಂದಾಗ ಕಾಗದ ತಿರುಗಿಸಿದೆ, ಹಾರಿಸಿ ಮುಂದೆ ಹೋದೆ. ಯಾರಿಗೂ ಗೊತ್ತಾಗಲಿಲ್ಲ.

ಕೊನೆಗೆ ಒಬ್ಬರು ಕೇಳಿದರು, ಈ ಎಣ್ಣೆಯನ್ನು ಮೈಗೆ ಹಚ್ಚಿಕೊಳ್ಳಬಹುದೇ? "ಹಚ್ಚಬಾರದು" ಎಂದೆ. ಬಿಸಿಲಿಗೆ ಹೋದರೆ ಬೊಬ್ಬೆ ಏಳುತ್ತದೆ, ಎರಡನೇ ದಿನ ಕಾಣಿಸುತ್ತದೆ, ಆಮೇಲೆ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ, ಎಲ್ಲ ಹೇಳಿದೆ. ಎಷ್ಟು ತಿಳಿದುಕೊಂಡಿದ್ದಾಳೆ ಹುಡುಗಿ ಎಂದು ಚಪ್ಪಾಳೆ ತಟ್ಟಿದರು. ಅವ್ವ ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವಳೂ ತಟ್ಟಿದಳು, ಮೊದಲ ಸಲ.

ಶಿರಾ ಕೊಡುತ್ತ ಪಂಕಜಾಕ್ಷಿಯವರು ಅವ್ವನಿಗೆ ಹೇಳಿದರು: "ನಾನೂ ಅವಳನ್ನು ಬಿಡಿಸಿದೆ. ಹೆದರಿಕೆ ಆಯಿತು ಮಾರಾಯ್ತಿ, ನನ್ನ ಅತ್ತೆಗೂ ಅವಳೇ ಅಲ್ವಾ ನೀರು ಹೊಯ್ಯುವುದು? ನಾಲ್ಕನೇ ಮಹಡಿಯವರೂ ಬೇಡ ಅಂದಿದ್ದಾರಂತೆ."

ಶಿರಾದಲ್ಲಿ ಒಂದು ಗೋಡಂಬಿ ಇತ್ತು. ಅದನ್ನು ಅಗಿಯುತ್ತಲೇ ಇದ್ದೆ.

೧೨ ಮಾರ್ಚ್, ಬುಧವಾರ

ಅಜ್ಜಿಯ ಬೊಬ್ಬೆ ಒಣಗಿ ಕಂದು ಗೆರೆಯಾಗಿವೆ. ಅವ್ವನೇ ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಿದ್ದಾಳೆ. ಅವ್ವನ ಸೊಂಟ ಹಿಡಿದಿದೆ.

"ನಾಳೆ ಅಂದಿದ್ದಿ" ಎಂದಳು ಅಜ್ಜಿ. ಅಷ್ಟೇ.

೧೪ ಮಾರ್ಚ್, ಶುಕ್ರವಾರ

ಕಂಪನಿಯಲ್ಲಿ ರಂಗಪಂಚಮಿಗೆ ರಜೆ ಸಿಗುವುದಿಲ್ಲ, ಹೋಳಿ ಹಬ್ಬಕ್ಕೆ ಮಾತ್ರ ಎಂದರು. ಬಸ್ಸಿನಲ್ಲಿ ಓದಲು ಹೊತ್ತಿಗೆ ಒಯ್ಯುವುದನ್ನು ಬಿಟ್ಟಿದ್ದೇನೆ. ಓದಿದರೆ ಪ್ರತಿ ಸಾಲೂ ಬೇರೆ ಯಾರನ್ನೋ ಬೈಯುತ್ತಿದೆ ಅನ್ನಿಸುತ್ತದೆ. ಮೊದಲು ಅದೇ ಇಷ್ಟವಾಗುತ್ತಿತ್ತು.

ಹೇಳದಿರುವುದು ಅವ್ವ ಬೈಯುತ್ತಾಳೆಂಬ ಹೆದರಿಕೆಯಿಂದಲೇ? ಅಲ್ಲ. ಅವಳ ಬೈಗುಳ ನನಗೆ ಊಟವಿದ್ದ ಹಾಗೆ. ಚಪ್ಪಾಳೆ ತಟ್ಟಿದಳಲ್ಲ, ಅದನ್ನು ವಾಪಸು ಕೊಡಬೇಕಾಗುತ್ತದೆ.

೧೬ ಮಾರ್ಚ್, ಭಾನುವಾರ, ಮಧ್ಯಾಹ್ನ

ಯಮನವ್ವನ ಮನೆಗೆ ಹೋದೆ. ಆರು ತಿಂಗಳಿಂದ ಅವಳನ್ನು ಅಕ್ಕ ಎಂದು ಕರೆಯುತ್ತಿದ್ದೇನೆ. ಮನೆ ಎಲ್ಲಿ ಎಂದು ನಾಲ್ಕು ಕಡೆ ಕೇಳಬೇಕಾಯಿತು.

ಬಾಗಿಲಲ್ಲಿ ಕೊಡಗಳ ಸಾಲು. ಅವಳು ನನ್ನನ್ನು ನೋಡಿ ಏಳಲಿಲ್ಲ. "ನಿಮ್ಮವ್ವ ಕಳಿಸ್ಯಾಳೇನ?"

ಇಲ್ಲ ಎಂದೆ. ನಿಂತುಕೊಂಡೇ ಎಲ್ಲ ಹೇಳಿದೆ. ಎಣ್ಣೆ, ಹಚ್ಚು ಎಂದ ಮಾತು, ಬಿಸಿಲು, ಚೀಟಿ, ಏಳನೇ ತಾರೀಖಿಗೇ ನನಗೆ ಗೊತ್ತಾದದ್ದು, ಅಜ್ಜಿಯ ಬಾಯಿ ಕಟ್ಟಿದ್ದು. ಹೇಳುವ ಮಾತನ್ನು ದಾರಿಯಲ್ಲಿ ಕಟ್ಟಿಕೊಂಡಿದ್ದೆ. ಅರ್ಧಕ್ಕೇ ಬಿಚ್ಚಿಹೋಯಿತು, ಅಳು ಬಂತು.

ಅವಳು ಪೂರ್ತಿ ಕೇಳಿದಳು. ಆಮೇಲೆ ಎಂದಳು:

"ಇದನ್ನ ನನಗ್ಯಾಕ ಹೇಳಾಕ ಬಂದಿ?"

"ಅಕ್ಕಾ, ತಪ್ಪಾತು..."

"ನಾ ಸುಟ್ಟಿಲ್ಲ ಅನ್ನೂದು ನನಗ ಮೊದಲ ಗೊತ್ತದ. ಗೊತ್ತಿಲ್ಲದವರು ಆ ಬಿಲ್ಡಿಂಗಿನ್ಯಾಗ ಅದಾರ. ನೀ ಅವರನ್ನ ಬಿಟ್ಟು ಗುಡ್ಡಾ ಏರಿ ಇಲ್ಲಿಗೆ ಬಂದಿ. ಯಾಕ? ನಾ ಅನಪಡ, ಓದು ಬರದಾಕಿ, ಬಿಡವಾ ಹೋಗಲಿ ಅಂತೀನಿ, ನೀ ಹಗರ ಆಗಿ ಮನಿಗೆ ಹೋಗ್ತಿ. ಹೌದಿಲ್ಲೋ?"

ಹೌದು. ನಾನು ಅದಕ್ಕೇ ಹೋಗಿದ್ದೆ.

"ಪಂಕಜಾಕ್ಷಿ ಅಕ್ಕಾರ ಅತ್ತಿ, ಆ ಮುದುಕಿ, ನಾ ಹೊರಗ ಹೋಗೂ ಮುಂದ ಕೈ ಹಿಂದ ತಗೊಂಡಳು. ಮೂರು ವರ್ಷ ಜಳಕಾ ಮಾಡಿಸೀನಿ ಆಕಿಗೆ. ನನ್ನ ಕೈ ನೋಡಿ ಹೆದರಿದಳು." ಎದ್ದು ಕೊಡ ಎತ್ತಿಕೊಂಡಳು. "ಸರಿ, ನಳಾ ಬರೂ ಹೊತ್ತು. ಅಳೂದಿದ್ರ ಆ ಕಡಿ ನಿಂತು ಅಳು, ಇಲ್ಲೆ ಕೊಡದ ಪಾಳಿ ಹಚ್ಚಬೇಕು."

ಅದೇ ದಿನ, ಸಂಜೆ

ಮೊದಲು ಅವ್ವನಿಗೆ ಹೇಳಿದೆ. ಅಪ್ಪನೂ ಇದ್ದ. ಅಜ್ಜಿ ಹಾಸಿಗೆಯಲ್ಲಿ ಎದ್ದು ಕೂತು "ಹೌದು, ಎಣ್ಣಿದ ಅದು" ಎಂದಳು. ಇಷ್ಟು ದಿನ ಯಾರೋ ಕೇಳಲಿ ಎಂದು ಕಾಯುತ್ತಿದ್ದವಳಂತೆ.

ಅವ್ವ ಬೈಯಲಿಲ್ಲ. ಅಜ್ಜಿಯ ಮುಂಗೈ ಹಿಡಿದು ನೋಡಿದಳು. "ನಾ ಬಾಗಲಾ ಹಾಕಿದ್ನಲ್ಲ ಆಕಿ ಮಾರಿ ಮ್ಯಾಲ" ಎಂದಳು. ನಾನು ಫೋನು ತೆಗೆದುಕೊಂಡದ್ದು ನೋಡಿ ಮಾತ್ರ ದನಿ ಏರಿತು. "ಮನ್ಯಾಗ ಹೇಳಿದಿ, ಮುಗೀತು. ಗ್ರೂಪಿನ್ಯಾಗ ಯಾಕ? ಅಲ್ಲೆ ಬರದಾಕಿ ನಾನು. ನಾ ಹೆಂಗ ಮಾರಿ ತೋರಸಲಿ? ನಾ ಹೋಗಿ ಆಕಿನ್ನ ಕರಕೊಂಡು ಬರ್ತೀನಿ, ಬಿಡು."

"ನಮ್ಮ ಮನಿಗೆ ಕರೀತಿ ಅವ್ವ. ಉಳಿದ ಎರಡು ಮನಿ?"

ಮೊದಲು ಬರೆದದ್ದು ಎರಡು ಪುಟ ಆಯಿತು. ಅದರಲ್ಲಿ ಎಣ್ಣೆ ಮಾರುವ ಕಂಪನಿಗಳು, ಸಣ್ಣ ಅಕ್ಷರಗಳು, ಮನೆಕೆಲಸದವರನ್ನು ಸಮಾಜ ನೋಡುವ ರೀತಿ ಎಲ್ಲ ಇತ್ತು. ಓದಿ ನೋಡಿದೆ. ಎಲ್ಲರೂ ಇದ್ದರು, ನಾನು ಎರಡನೇ ಪುಟದ ಕೊನೆಯಲ್ಲಿದ್ದೆ. ಅಳಿಸಿದೆ. ಉಳಿದದ್ದು ಇಷ್ಟು:

"ನಮ್ಮ ಅಜ್ಜಿಯ ಮೈ ಸುಟ್ಟದ್ದು ಯಮನವ್ವ ಹಾಕಿದ ನೀರಿನಿಂದ ಅಲ್ಲ. ನಾನು ಕೊಟ್ಟ ನಿಂಬೆ ಎಣ್ಣೆ ಮತ್ತು ಬಿಸಿಲಿನಿಂದ. ಇದು ನನಗೆ ಏಳನೇ ತಾರೀಖಿಗೇ ಗೊತ್ತಿತ್ತು, ಭಾಷಣ ಮಾಡುವಾಗಲೂ ಗೊತ್ತಿತ್ತು. ನಾನು ಹೇಳದ ಕಾರಣ ಅವ್ವ ತಿಳಿಯದೆ ಬರೆದಳು. ಯಮನವ್ವನ ತಪ್ಪು ಏನೂ ಇಲ್ಲ. ರೇಣು, ಮೊದಲನೇ ಮಹಡಿ."

ಅದನ್ನೇ ಮರಾಠಿಯಲ್ಲೂ ಬರೆದೆ. ಫೋನನ್ನು ಅಪ್ಪನ ಕಡೆ ಹಿಡಿದೆ. ಅಪ್ಪ ಕನ್ನಡಕ ಹಾಕಿಕೊಂಡು ಓದಿದ. "ಕಳಿಸು" ಎಂದ.

ಈ ಸಲ ಯಾರೂ ಕೈಮುಗಿಯಲಿಲ್ಲ. ಓದಿದವರ ಪಟ್ಟಿ ಮಾತ್ರ ಒಂದೊಂದೇ ಹೆಸರು ಸೇರಿ ಉದ್ದವಾಗುತ್ತ ಹೋಯಿತು.

೧೯ ಮಾರ್ಚ್, ಬುಧವಾರ

ಮೆಟ್ಟಿಲಲ್ಲಿ ಪಂಕಜಾಕ್ಷಿಯವರು: "ಅಲ್ಲ ರೇಣು, ಅಷ್ಟು ಗೊತ್ತಿದ್ದು ಮೈಕ್ ಹಿಡಿದು ಹೇಗೆ ಮಾತಾಡಿದೆ ನೀನು?" ಅವರು ಚುಚ್ಚಲಿಕ್ಕೆ ಕೇಳಲಿಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದರು. ಯಮನವ್ವನಿಗೆ ಅವರೇ ಫೋನು ಮಾಡಿದ್ದಾರೆ, ಸೋಮವಾರದಿಂದ ಬರುತ್ತಾಳೆ. ನಾಲ್ಕನೇ ಮಹಡಿಯವರು ಬೇರೆ ಯಾರನ್ನೋ ಇಟ್ಟುಕೊಂಡಾಗಿದೆ.

ಎರಡನೇ ಪಾಳಿ ಕೇಳಿ ತೆಗೆದುಕೊಂಡೆ. ಬೆಳಿಗ್ಗೆ ಮನೆಯಲ್ಲಿರಬಹುದು. ಅಜ್ಜಿಗೆ ಸ್ನಾನ ನಾನೇ ಮಾಡಿಸುತ್ತಿದ್ದೇನೆ. ಸ್ಟೂಲಿನ ಮೇಲೆ ಕೂರಿಸುವಾಗ ಎಲ್ಲಿ ಹಿಡಿಯಬೇಕು ಎಂಬುದೇ ತಿಳಿಯುವುದಿಲ್ಲ. ಕಂಕುಳಲ್ಲಿ ಕೈ ಹಾಕಿದರೆ ನೋವು, ಮೊಣಕೈ ಹಿಡಿದರೆ ಜಾರುತ್ತಾಳೆ. ಬೆನ್ನಿನ ಎಲುಬು ಇಷ್ಟು ಎದ್ದಿವೆ ಎಂದು ಗೊತ್ತಿರಲಿಲ್ಲ. ಒರೆಸುವಷ್ಟರಲ್ಲಿ ನಾನೇ ಒದ್ದೆ. ಇವತ್ತು ಅಜ್ಜಿ ಗಂಗಾಳದಷ್ಟು ದೊಡ್ಡ ನಗೆ ನಕ್ಕಳು. "ಯಾರಿಗೆ ಜಳಕಾ ಮಾಡಸಾಕತ್ತಿ, ನನಗೋ ನಿನಗೋ?"

೨೪ ಮಾರ್ಚ್, ಸೋಮವಾರ

ಯಮನವ್ವ ಬಂದಳು. ನಮ್ಮ ಬಾಗಿಲು ದಾಟಿ ಮೇಲೆ ಹೋದಳು. ಅವ್ವ ಬೆಳಗಿನಿಂದ ಕಾದಿದ್ದವಳು ಹಿಂದೆಯೇ ಮೂರನೇ ಮಹಡಿಯ ತನಕ ಹತ್ತಿದಳು, ಆ ಸೊಂಟದಲ್ಲಿ. ಹತ್ತು ನಿಮಿಷಕ್ಕೆ ಇಳಿದು ಬಂದಳು. "ನೋಡೋಣರಿ ಅಂದಳು" ಎಂದು ಒಳಗೆ ಹೋದಳು. ಸಿಟ್ಟಿರಲಿಲ್ಲ. ಏನಿತ್ತೋ ಗೊತ್ತಿಲ್ಲ.

೩೦ ಮಾರ್ಚ್, ಭಾನುವಾರ, ಯುಗಾದಿ

ಎದುರು ಮನೆಯವರು ಗುಡಿ ಏರಿಸಿದ್ದಾರೆ. ನಾನು ಮಾವಿನ ತೋರಣ ಕಟ್ಟುತ್ತಿದ್ದಾಗ ಯಮನವ್ವ ಮೆಟ್ಟಿಲು ಹತ್ತಿ ಬಂದಳು. ನಿಂತಳು.

"ಹಿರೇ ಅಮ್ಮಾರು ಹೆಂಗ ಅದಾರ?"

"ಕೈ ಮ್ಯಾಲಿನ ಕಲಿ ತಿಳಿ ಆಗ್ಯಾವ ಅಕ್ಕಾ. ನಿನ್ನ ನೆನಸ್ತಾಳ."

"ಹೂಂ."

ಕೇಳಬಾರದು ಎಂದುಕೊಂಡಿದ್ದೆ. ಕೇಳಿದೆ. "ನೀ ನಮ್ಮ ಮನಿಗೆ ಬರಂಗಿಲ್ಲೇನು? ಅವ್ವ ಮನಸಿನಿಂದ ಕರದಾಳ. ನನ್ನ ಮ್ಯಾಲ ಸಿಟ್ಟಿದ್ರ ನಾ ಎದುರಿಗೆ ಬರಂಗಿಲ್ಲ."

ಅವಳು ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದಳು. "ಸಿಟ್ಟು ಎಷ್ಟು ದಿನಾ ಇರತದವಾ. ಅದಲ್ಲ. ಬಂದೆ ಅಂತ ತಿಳಿ. ನಿಮ್ಮವ್ವ ಛಲೋ ಹೆಣಮಗಳು, ಏನೂ ಅನ್ನಂಗಿಲ್ಲ. ಆದ್ರ ನಾ ನೀರ ತೋಡೂ ಮುಂದ ಒಳಗ ಬಂದು ಬಕೀಟಿನ್ಯಾಗ ಕೈ ಅದ್ದಿ ನೋಡತಾಳ. ದಿನಾ ನೋಡತಾಳ. ಆಕಿಗೂ ಬ್ಯಾಡ ಅನಸ್ತದ, ಆದ್ರೂ ನೋಡತಾಳ. ಹಿಂದಕ ಹಂಗ ನೋಡತಿದ್ದಿಲ್ಲ. ನನಗ ಅದು ಬ್ಯಾಡ."

ಹತ್ತಿ ಹೋದಳು. ಮೂರನೇ ಮಹಡಿಯ ಬಾಗಿಲು ತೆರೆದ ಸದ್ದು ಕೇಳಿತು, ಆ ಮುದುಕಿ ಏನೋ ಕೂಗಿ ಕರೆದದ್ದೂ ಕೇಳಿತು.

ತೋರಣ ಕಟ್ಟಿ ಮುಗಿಸಿ ನೀರು ಕಾಯಿಸಿದೆ. ಅಜ್ಜಿಯನ್ನು ಸ್ಟೂಲಿನ ಮೇಲೆ ಕೂರಿಸಿದೆ. ಈಗ ಎಲ್ಲಿ ಹಿಡಿಯಬೇಕು ಎಂದು ಗೊತ್ತು. ಮೊದಲ ತಂಬಿಗೆ ಎತ್ತುವಷ್ಟರಲ್ಲಿ ಅವ್ವ ಬಚ್ಚಲ ಬಾಗಿಲಿಗೆ ಬಂದಳು. ಬಲಗೈಗೆ ಹೂರಣ ಮೆತ್ತಿತ್ತು. ಎಡಗೈಯ ಬಳೆ ಮೇಲೆ ಸರಿಸಿ, ಬಗ್ಗಿ, ಬಕೆಟ್ಟಿನಲ್ಲಿ ಕೈ ಅದ್ದಿ ನೋಡಿದಳು. ನನ್ನ ಮುಖ ನೋಡಲಿಲ್ಲ.

ನಾನು ಸ್ವಲ್ಪ ಸರಿದು ಜಾಗ ಕೊಟ್ಟೆ.